ಶಿರಸ್ತೇದಾರರ ಇನ್ನೂರನೆಯ ಹಕ್ಕಿ

ಹಕ್ಕಿ ನೋಡಲು ಹೋದವರಿಗೆ ಹಕ್ಕಿ ಕಾಣದೆ ಇರಬಹುದು, ಫಜೀತಿ ಮಾತ್ರ ತಪ್ಪದೆ ಕಾಣುತ್ತದೆ. ನಾಲ್ಕು ವರ್ಷದಿಂದ ಭಾನುವಾರಗಳನ್ನು ಇದಕ್ಕೇ ಕೊಟ್ಟ ನಾನು ಇದನ್ನು ಯಾವ ಸಾಕ್ಷಿಕಟ್ಟೆಯಲ್ಲಿ ನಿಂತಾದರೂ ಹೇಳುತ್ತೇನೆ.

ಸಾಕ್ಷಿಕಟ್ಟೆಯ ಮಾತು ನನ್ನ ಬಾಯಿಗೆ ಬರಲು ಕಾರಣ ನಮ್ಮ ಮುಂದಾಳು. ಅವರು ಕೋರ್ಟಿನಲ್ಲಿ ಶಿರಸ್ತೇದಾರರಾಗಿ ನಿವೃತ್ತರಾದವರು, ನವನಗರದಲ್ಲಿ ನಮ್ಮ ಪಕ್ಕದ ಮನೆ. ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸುವವಳು. ನಮ್ಮನ್ನು ಕರೆದೊಯ್ಯುವ ಟಂಟಂ ಆಟೋದ ಡ್ರೈವರನೂ ಸೇರಿ ಮೂವರ ಗುಂಪು. ಶಿರಸ್ತೇದಾರರ ಹತ್ತಿರ ಕೆಂಪು ರಟ್ಟಿನ ಒಂದು ವಹಿ ಇದೆ. ತಾವು ಕಂಡ ಪ್ರತಿ ಹೊಸ ಹಕ್ಕಿಯನ್ನೂ ನಂಬರು ಹಾಕಿ ಅದರಲ್ಲಿ ಬರೆದು ಸಹಿ ಮಾಡುತ್ತಾರೆ. ಇನ್ನೂರು ಮುಟ್ಟಬೇಕು ಎನ್ನುವುದು ಅವರ ಹಟ. ನಾನು ಗುಂಪು ಸೇರಿದಾಗ ಲೆಕ್ಕ ನೂರಾ ತೊಂಬತ್ತಾರಕ್ಕೆ ಬಂದು ಎತ್ತು ಕೂತಂತೆ ಕೂತಿತ್ತು. ಎಷ್ಟೋ ಸಲ ನಮಗಿಬ್ಬರಿಗೂ ಹೊಸ ಹಕ್ಕಿ ಕಂಡಿದೆ, ಅವರು ಆ ಹೊತ್ತಿಗೆ ಬೂಟಿನ ಲಾಡಿ ಕಟ್ಟುತ್ತಿರುತ್ತಾರೆ.

"ಬರಕೋರಿ ಸಾಹೇಬ್ರ, ನಾವು ನೋಡೇವಲ್ಲ" ಎಂದು ಡ್ರೈವರ್ ಅಂಗಲಾಚುತ್ತಾನೆ.

"ಕೇಳಿದ ಮಾತು ಕೋರ್ಟಿನಾಗ ನಡಿಯೂದಿಲ್ಲೋ" ಎಂದು ಅವರು ವಹಿ ಮುಚ್ಚುತ್ತಾರೆ.

ಗೂಬೆ ಯಾರ ಹೆಸರಿಗೆ?

ಮೊದಲನೆಯ ಫಜೀತಿ ಹಿನ್ನೀರಿನ ದಂಡೆಯಲ್ಲಿ ನಡೆದದ್ದು. ದೂರದಲ್ಲಿ ಫ್ಲೆಮಿಂಗೋ ಹಿಂಡು ನಿಂತಿತ್ತು. ಶಿರಸ್ತೇದಾರರು ಮೂರು ಕಾಲಿನ ಸ್ಟ್ಯಾಂಡ್ ನೆಟ್ಟು, ಅದರ ಮೇಲೆ ದುರ್ಬೀನು ಕೂಡಿಸಿ, ನೀರಿನ ಕಡೆ ನೋಡುತ್ತ ವಹಿಯಲ್ಲಿ ಏನೋ ಗೀಚುತ್ತಿದ್ದರು. ನಮ್ಮ ಕಡೆ ಇಂಥ ದೃಶ್ಯಕ್ಕೆ ಒಂದೇ ಅರ್ಥ. ಐದು ನಿಮಿಷದಲ್ಲಿ ಹಿಂದೆ ಹದಿನೈದು ಜನ.

ಪಟಕಾ ಸುತ್ತಿದ ಒಬ್ಬ ಅಜ್ಜ ಮುಂದೆ ಬಂದ. "ಈ ಸಲ ನೀರು ಎಲ್ಲಿ ತನಕ ಬರ್ತೈತ್ರಿ ಸಾಹೇಬ್ರ? ನಮ್ಮ ಮನಿ ಹೊಕ್ಕೈತೋ, ಉಳೀತೈತೋ?"

"ಅಜ್ಜಾ, ನಾವು ಮುಳುಗಡಿ ಸರ್ವೇದವರಲ್ಲ. ಹಕ್ಕಿ ಬರಕೊಳ್ಳಾಕ ಬಂದೇವಿ."

"ಇರಲಿ ಇರಲಿ, ನೀವು ಬಾಯಿ ಬಿಡಬಾರದು ಅಂತ ನಂಗೂ ಗೊತ್ತೈತಿ. ಬರ್ರಿ, ಚಾ ಕುಡಿಯೂಣು" ಎಂದು ಅಜ್ಜ ನಮ್ಮನ್ನು ಮನೆಗೇ ಎಳೆದುಕೊಂಡು ಹೋದ. ಹಿತ್ತಲಲ್ಲಿ ನಿಲ್ಲಿಸಿ, "ನಾಕು ಬೇವಿನ ಗಿಡ ಅದಾವ. ಹಿಂದ ಬಂದವರು ಪರಿಹಾರಕ್ಕ ಎರಡ ಬರದಿದ್ರು. ನೀವು ಕಣ್ಣಾರೆ ನೋಡಿ ಬರಕೋರಿ" ಎಂದ.

ಕಣ್ಣಾರೆ ನೋಡಿ ಎಂದರೆ ಮುಗಿಯಿತು. ಶಿರಸ್ತೇದಾರರು ನಾಲ್ಕೂ ಮರಕ್ಕೆ ಸುತ್ತು ಹಾಕಿ, ಕತ್ತೆತ್ತಿ ನೋಡಿ, ಬರೆದು, ಗಟ್ಟಿಯಾಗಿ ಓದಿದರು: "ಬೇವಿನ ಮರ ನಾಲ್ಕು. ಮೊದಲನೆಯದರಲ್ಲಿ ಗಿಳಿ ಹದಿನಾಲ್ಕು. ಎರಡನೆಯದರಲ್ಲಿ ಕಾಜಾಣ ಒಂದು. ಮೂರನೆಯದರ ಪೊಟರೆಯಲ್ಲಿ ಗೂಬೆ ಎರಡು."

ಅಜ್ಜನ ಕಣ್ಣು ಅರಳಿದವು. "ನನ್ನ ಜನ್ಮದಾಗ ಇಂಥ ಶಿಸ್ತಿನ ಸರ್ವೇ ನೋಡಿಲ್ರಿ" ಎಂದು ಕೈಮುಗಿದ. ಆಮೇಲೆ ಶಿರಸ್ತೇದಾರರ ಕಿವಿಯ ಹತ್ತಿರ ಬಂದು, "ಗಿಳಿ ನನ್ನ ಹೆಸರಿಗೆ ಇರ್ಲಿ. ಆ ಗೂಬಿ ಮಾತ್ರ ನನ್ನ ತಮ್ಮನ ಹೆಸರಿಗೆ ಹಾಕಿಬಿಡ್ರಿ" ಎಂದ.

ಸೆರಗು ನೋಡಿ ಗುರುತು

ಇಳಕಲ್ಲಿನ ಹೊರಗೆ ಒಂದು ಕೆರೆಗೆ ಹೋದಾಗ ಶಿರಸ್ತೇದಾರರ ಪರಿಚಯದ ನೇಕಾರರೊಬ್ಬರು ಜೊತೆಗೆ ಬಂದರು. ವಯಸ್ಸು ಅರವತ್ತರ ಮೇಲೆ. ಹಕ್ಕಿ ಪುಸ್ತಕ ಮುಟ್ಟಿದವರಲ್ಲ. ಕೆಸರಿನಲ್ಲಿ ಓಡಾಡುತ್ತಿದ್ದ ಅಂಗೈಯಗಲದ ಹಕ್ಕಿಗಳ ಬಗ್ಗೆ ನಾನೂ ಶಿರಸ್ತೇದಾರರೂ ಅರ್ಧ ತಾಸು ವಾದ ಮಾಡಿದೆವು. ಎಲ್ಲವೂ ಒಂದೇ ಜಾತಿ ಎಂದು ನಾನು. ಅನುಮಾನ ಐತಿ ಎಂದು ಅವರು.

ನೇಕಾರರು ದುರ್ಬೀನಿಗೆ ಕಣ್ಣಿಟ್ಟು ಎರಡೇ ನಿಮಿಷ ನೋಡಿದರು. "ಅಕ್ಕೋರ, ಒಂದಲ್ರಿ, ಎರಡು ನಮೂನಿ ಅದಾವ. ಆ ಕಡೀದಕ್ಕ ಕರಿ ದಡಿ ಕುತ್ತಿಗಿ ಸುತ್ತ ಪೂರಾ ಬಂದೈತಿ. ಈ ಕಡೀದಕ್ಕ ಎದಿ ಮುಂದ ಬಂದು ಕಡದೈತಿ. ಒಂದ ಮಗ್ಗದ ಮಾಲು ಹಿಂಗ ಇರೂದಿಲ್ಲ."

ಪುಸ್ತಕ ತೆರೆದು ನೋಡಿದರೆ ಅಕ್ಷರಶಃ ಸರಿ. ಎರಡು ಜಾತಿ, ಎರಡೂ ಶಿರಸ್ತೇದಾರರಿಗೆ ಹೊಸವು. ಒಂದೇ ಏಟಿಗೆ ನೂರಾ ತೊಂಬತ್ತೆಂಟು! ಮೂವತ್ತು ವರ್ಷ ಎಳೆ ಎಣಿಸಿದ ಕಣ್ಣಿನ ಮುಂದೆ ನನ್ನ ಎಂಎಸ್ಸಿ ಡಿಗ್ರಿ ಕೈಕಟ್ಟಿ ನಿಂತಿತು, ಸುಳ್ಳು ಯಾಕೆ ಹೇಳಲಿ.

ಅಷ್ಟರಲ್ಲಿ ಒಂದು ಬಣ್ಣದ ಕೊಕ್ಕರೆ ಬಂದಿಳಿಯಿತು. ಬಿಳಿ ಮೈ, ಕಪ್ಪು ಪಟ್ಟಿ, ಬಾಲದ ಕಡೆ ಗುಲಾಬಿ. ನೇಕಾರರು ಮತ್ತೆ ದುರ್ಬೀನಿಗೆ ಕಣ್ಣಿಟ್ಟರು. ಕಣ್ಣು ತೆಗೆಯದೆಯೇ, "ಬಿಳಿ ಮೈಗೆ ಈ ಗುಲಾಬಿ ಸೆರಗು ಹಚ್ಚೂ ಧೈರ್ಯ ನಮಗ ಯಾರಿಗೂ ಬಂದಿಲ್ಲ ನೋಡ್ರಿ" ಎಂದರು.

ಮುಂದೆ ಎರಡು ತಿಂಗಳಿಗೆ ಅವರಿಗೆ ಧೈರ್ಯ ಬಂತು. ಆ ಸೀರೆಯನ್ನು ನಾನೇ ಕೊಂಡೆ. ಉಟ್ಟುಕೊಂಡು ಸ್ಟಾಫ್ ರೂಮಿನಲ್ಲಿ ಮೆರೆದದ್ದು ಸಾಲದೆ ಒಂದು ಭಾನುವಾರ ಕೆರೆಗೂ ಉಟ್ಟು ಹೋದೆ. ಶಿರಸ್ತೇದಾರರು ಆಗಲೇ ಬಂದು ಕೂತಿದ್ದರು. ಏರಿಯ ಮೇಲೆ ದೂರದಿಂದ ನಾನು ನಡೆದು ಬರುವುದನ್ನು ದುರ್ಬೀನಿನಲ್ಲಿ ನೋಡಿ, ಅಂದಿನ ಪಟ್ಟಿಯಲ್ಲಿ ಬರೆದೇಬಿಟ್ಟರು: "ಬಣ್ಣದ ಕೊಕ್ಕರೆ, ಒಂದು. ನಡಿಗೆ ನಿಧಾನ."

ನಾನು ಹತ್ತಿರ ಹೋಗಿ ನಮಸ್ಕಾರ ಎಂದ ಮೇಲೆ ಸಾಲು ಹೊಡೆದು ಹಾಕಿ ಪಕ್ಕದಲ್ಲಿ ಸಹಿ ಮಾಡಿದರು.

ಅಕ್ಕಿಕಾಳು ತಪ್ಪಿದ್ದು

ಕೊಕ್ಕರೆಯ ಸುದ್ದಿ ಶಿರಸ್ತೇದಾರರ ಹೆಂಡತಿಯ ಕಿವಿಗೆ ಬಿತ್ತು. ಅವರು ಗಂಡನನ್ನು ಸೀದಾ ಕಣ್ಣಿನ ಡಾಕ್ಟರ ಹತ್ತಿರ ಒಯ್ದರು. ಎರಡೂ ಕಣ್ಣಿಗೆ ಪೊರೆ. ಒಂದು ಸೋಮವಾರಕ್ಕೆ ಆಪರೇಶನ್ ಗೊತ್ತಾಯಿತು. ಶಿರಸ್ತೇದಾರರಿಗೆ ಆಪರೇಶನ್ನಿನ ಹೆದರಿಕೆ ಇರಲಿಲ್ಲ. ಅವರ ತಕರಾರೇ ಬೇರೆ. "ಒಳಗ ಪ್ಲಾಸ್ಟಿಕ್ ಲೆನ್ಸ್ ಕುಂದರಿಸಿದ ಮ್ಯಾಲ ನೋಡಿದ್ದು ನನ್ನ ಕಣ್ಣಿನ ಸಾಕ್ಷಿ ಹೆಂಗ ಆಗ್ತೈತ್ರಿ? ಇನ್ನೂರು ಮುಟ್ಟೂದು ಹುಟ್ಟಿದಾಗಿನ ಕಣ್ಣಿಲೇನ ಆಗಬೇಕು." ಕೈಯಲ್ಲಿ ಎರಡು ಭಾನುವಾರ, ಬೇಕಾದದ್ದು ಎರಡು ಹಕ್ಕಿ.

ಮೊದಲ ಭಾನುವಾರ ಹುನಗುಂದದ ಕಡೆ ಹೊರಟೆವು. ಅಂದು ಟಂಟಂನಲ್ಲಿ ಮದುವೆಗೆ ಹೊರಟ ಆರು ಹೆಂಗಸರೂ ಇದ್ದರು. ನಮ್ಮ ಡ್ರೈವರ್ ಒಂದು ಕಣ್ಣು ರಸ್ತೆಗೆ, ಒಂದು ಕಣ್ಣು ಆಕಾಶಕ್ಕೆ ಇಟ್ಟು ಓಡಿಸುವವನು. ದಾರಿಯಲ್ಲಿ ನಾಲ್ಕು ಸಲ ಗಕ್ಕನೆ ನಿಲ್ಲಿಸಿದ. ಹೆಂಗಸರಲ್ಲಿ ಹಿರಿಯಳಾದ ಅತ್ತೆ, ಮದುಮಗಳ ಸ್ವಂತ ಸೋದರತ್ತೆ, ಕೆಂಡವಾದಳು. "ಏ ಭಾಯ್, ಹನ್ನೊಂದಕ್ಕ ಮದುಮಕ್ಕಳ ತಲಿ ಮ್ಯಾಲ ಅಕ್ಕಿಕಾಳು ಹಾಕೂದೈತಿ. ಇನ್ನೊಮ್ಮೆ ನಿಲ್ಲಿಸಿದಿ ಅಂದ್ರ ನೋಡು!"

ಐದನೆಯ ಸಲ ಅವನು ನಿಲ್ಲಿಸಲೇ ಇಲ್ಲ. ನಿಲ್ಲಿಸಿದ್ದು ಅತ್ತೆ. "ನಿಲ್ಲಸೋ, ನಿಲ್ಲಸೋ! ಆ ಕಂಬದ ಮ್ಯಾಲ ಹಾವು ಜೋತಾಡಾಕತ್ತೈತಿ!"

ನೋಡಿದರೆ ಹಾವು ತಿನ್ನುವ ಹದ್ದು, ಬಾಯಲ್ಲಿ ಇನ್ನೂ ಅರ್ಧ ಹಾವು. ಶಿರಸ್ತೇದಾರರು ಕಣ್ತುಂಬ ನೋಡಿದರು. ನೂರಾ ತೊಂಬತ್ತೊಂಬತ್ತು. ದುರ್ಬೀನು ಆರೂ ಹೆಂಗಸರ ಕೈ ದಾಟಿ, ಹದ್ದು ಪೂರ್ತಿ ಹಾವು ನುಂಗುವವರೆಗೆ ಟಂಟಂ ಅಲುಗಲಿಲ್ಲ. ಮಂಟಪ ಮುಟ್ಟಿದಾಗ ಜನ ಊಟಕ್ಕೆ ಕೂತಿದ್ದರು.

"ಅಕ್ಕಿಕಾಳಿಗೂ ಬರಲಿಲ್ಲಲ್ಲ ಯಕ್ಕಾ!" ಎಂದು ಮದುಮಗಳ ಅಪ್ಪ ಸಿಟ್ಟಾದ.

"ಸುಮ್ಮನಿರೋ ತಮ್ಮಾ," ಎಂದಳು ಅತ್ತೆ, "ನಿನಗ ಇನ್ನೂ ಮೂರು ಹೆಣ್ಣಮಕ್ಕಳು ಅದಾವ. ಆ ಹದ್ದು ಇನ್ನೊಮ್ಮೆ ಎಲ್ಲಿ ಸಿಗಬೇಕು?"

ಚೊಳಚಗುಡ್ಡದ ಕಾಗೆ

ಕೊನೆಯ ಭಾನುವಾರ ಬಾದಾಮಿ. ಚಳಿಗಾಲದಲ್ಲಿ ಮಾತ್ರ ಆ ಬಂಡೆಗಳಿಗೆ ಬರುವ ಒಂದು ನೀಲಿ ಹಕ್ಕಿಯ ಆಸೆಗೆ ಬೆಳಗಿನಿಂದ ಕೆರೆಯ ಮೇಲಿನ ಮೆಟ್ಟಿಲಲ್ಲಿ ಕೂತೆವು. ಹತ್ತು ಗಂಟೆಗೆ ಅದು ಬಂತು. ಎದುರಿನ ಕೆಂಪು ಕಲ್ಲಿನ ಮೇಲೆ ಕೂತು, ಪೊರೆಗಣ್ಣಿಗೂ ಕಾಣಲಿ ಎನ್ನುವಂತೆ ಬಿಸಿಲಿಗೆ ಮೈ ಕೊಟ್ಟಿತು. ಶಿರಸ್ತೇದಾರರು ಬರೆದರು, ಸಹಿ ಹಾಕಿದರು, ವಹಿ ಪಕ್ಕಕ್ಕಿಟ್ಟು ಡ್ರೈವರನನ್ನು ಅಪ್ಪಿಕೊಂಡರು.

ಅಪ್ಪಿಕೊಂಡದ್ದೇ ತಪ್ಪಾಯಿತು. ಬಾದಾಮಿಯ ಮಂಗಗಳಿಗೆ ಅಷ್ಟು ಹೊತ್ತು ಸಾಕು. ವಹಿ ಎತ್ತಿಕೊಂಡು ಬಂಡೆ ಹತ್ತಿದ ಒಂದು ಮಂಗ, ಮೊದಲ ಹಾಳೆಯನ್ನು ಹರಿದು ಬಾಯಿಗೆ ಹಾಕಿಕೊಂಡು ಉಳಿದದ್ದನ್ನು ನಮ್ಮ ಕಡೆ ಎಸೆಯಿತು. ಆ ಒಂದೇ ಹಾಳೆಗೆ ಶೇಂಗಾ ಚಟ್ನಿಯ ಎಣ್ಣೆ ಹತ್ತಿತ್ತು.

"ಹೋದರೆ ಹೋಗಲಿ," ಎಂದೆ ನಾನು, "ಮೊದಲ ಹಾಳೆಯಲ್ಲಿ ಇದ್ದದ್ದು ಗುಬ್ಬಿ, ಪಾರಿವಾಳ, ಕಾಗೆ ಇಂಥವೇ ಇಪ್ಪತ್ತು. ಈಗಲೇ ಬೇರೆ ಹಾಳೆಗೆ ಬರೆದುಬಿಡೋಣ."

ಶಿರಸ್ತೇದಾರರು ನನ್ನನ್ನು ಕಳ್ಳಿಯನ್ನು ನೋಡುವಂತೆ ನೋಡಿದರು. "ನೆನಪಿನ ಮ್ಯಾಲ ಕಾಗದ ತಯಾರ ಮಾಡೂದಕ್ಕ ಏನಂತಾರ ಗೊತ್ತೈತೇನ್ರಿ? ಖೊಟ್ಟಿ ದಾಖಲಿ! ನನ್ನ ಲೆಕ್ಕ ಈಗ ನೂರಾ ಎಂಬತ್ತು. ಹೊತ್ತು ಮುಳುಗೂದರಾಗ ಇಪ್ಪತ್ತೂ ಮತ್ತ ನೋಡಬೇಕು. ನಡೀರಿ."

ನನಗೆ ಮೊದಲು ಸಿಟ್ಟೇ ಬಂತು. ಆದರೆ ಬಸ್ ಸ್ಟ್ಯಾಂಡಿನ ಹತ್ತಿರ ಅವರು ಒಂದು ಗುಬ್ಬಿಯ ಮುಂದೆ ಹತ್ತು ನಿಮಿಷ ನಿಂತು, "ಕುತ್ತಿಗಿ ಕೆಳಗಿನ ಈ ಕರಿ ಮಚ್ಚಿ ಎಷ್ಟು ಚಂದ ಐತಿ, ಹಿಂದ ನಾ ಇದನ್ನ ಸರಿಯಾಗಿ ನೋಡೇ ಇಲ್ಲ" ಎಂದಾಗ ಸಿಟ್ಟು ಇಳಿಯಿತು. ಅಂಥ ಮನುಷ್ಯನ ಪಕ್ಕದ ಮನೆಯಲ್ಲಿರುವುದು ಪುಣ್ಯ ಅನ್ನಿಸಿತು.

ಸಂಜೆ ಐದಕ್ಕೆ ಹತ್ತೊಂಬತ್ತು ಮುಗಿದವು. ಉಳಿದದ್ದು ಕಾಗೆ. ದಿನಾ ತಲೆ ತಿನ್ನುವ ಕಾಗೆ ಅಂದು ಬಾದಾಮಿಯಲ್ಲಿ ಒಂದೂ ಇಲ್ಲ! ಬನಶಂಕರಿ ಗುಡಿಯ ಹತ್ತಿರ ಇದ್ದೇ ಇರುತ್ತವೆ ಎಂದು ಡ್ರೈವರ್ ಚೊಳಚಗುಡ್ಡಕ್ಕೆ ಓಡಿಸಿದ. ಅಲ್ಲಿಯೂ ಇಲ್ಲ. ಹೊಂಡದ ದಂಡೆಯಲ್ಲಿ ರೊಟ್ಟಿ ಮಾರುವ ಅವ್ವನ ಹತ್ತಿರ ಅನ್ನ ಮೊಸರು ತೆಗೆದುಕೊಂಡು, ಎಲೆಯ ಮೇಲೆ ಕಲಸಿ, ಕಲ್ಲಿನ ಮೇಲಿಟ್ಟು ದೂರ ನಿಂತೆವು. ಹಕ್ಕಿ ಬೆದರಬಾರದೆಂದು ಶಿರಸ್ತೇದಾರರು ಟೋಪಿ ತೆಗೆದಿದ್ದರು. ಮುಖ ಬಾಡಿತ್ತು. "ಬಾರೋ, ಬಾ" ಎನ್ನುತ್ತಿದ್ದರು.

ರೊಟ್ಟಿ ಅವ್ವ ಎದ್ದು ಬಂದು ಮೆಲ್ಲಗೆ ಕೇಳಿದಳು. "ಭಾಳ ಬೇಕಾದವರಿದ್ರೇನ್ರಿ?"

"ಹೂಂ ಅವ್ವಾ," ಎಂದ ಡ್ರೈವರ್ ಕಾಗೆಯ ಧ್ಯಾನದಲ್ಲೇ, "ಸಾಹೇಬ್ರಿಗೆ ಇವತ್ತ ಬೇಕಾಗೇತಿ."

ಅವ್ವ ಲೊಚಗುಟ್ಟಿ ಶಿರಸ್ತೇದಾರರ ಕಡೆ ತಿರುಗಿದಳು. "ಕಾಗಿ ಮುಟ್ಟವಲ್ದು ಅಂದ್ರ ಏನೋ ಆಸೆ ಉಳದೈತ್ರಿ. ಅವರು ಬದುಕಿದ್ದಾಗ ನಿಮಗ ಏನು ಹೇಳಿದ್ರು ನೆನಪು ಮಾಡ್ಕೋರಿ. ಅದನ್ನ ಮಾಡ್ತೇನಿ ಅಂತ ಬಾಯಿಬಿಟ್ಟು ಹೇಳ್ರಿ, ಬರ್ತೈತಿ."

ಹೊತ್ತು ಗುಡ್ಡಕ್ಕೆ ತಾಗಿತ್ತು. ಶಕುನ, ಶಾಸ್ತ್ರ ಒಂದನ್ನೂ ನಂಬದ ಶಿರಸ್ತೇದಾರರು ಆಕಾಶಕ್ಕೆ ಕೈಮುಗಿದರು. "ಮನಿಯಾಕಿ ಹೇಳಿದಂಗ ನಾಳೆ ಸುಮ್ಮನ ಹೋಗಿ ಆಪರೇಶನ್ ಮಾಡಿಸ್ಕೋತೇನಿ. ಒಂದು ಮಾತೂ ತಕರಾರು ಮಾಡೂದಿಲ್ಲ."

ತೆಂಗಿನ ಮರದಿಂದ ಒಂದು ಕಾಗೆ ಇಳಿದು ಬಂದು ಅನ್ನಕ್ಕೆ ಬಾಯಿ ಹಾಕಿತು.

ಶಿರಸ್ತೇದಾರರು ಕೂಗಿ ಕುಣಿದರು. ಡ್ರೈವರನೂ ಕುಣಿದ. ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡು, "ಮನಿಯವರು ಮುತ್ತೈದಿಯಾಗಿ ಹೋದ್ರೇನ್ರಿ?" ಎಂದಳು.

ಸುಳ್ಳು ಸಾಕ್ಷಿ ಶಿರಸ್ತೇದಾರರಿಂದ ಆಗದ ಕೆಲಸ. ಅವಳ ಮುಂದೆ ನಿಂತು ಸ್ಪಷ್ಟವಾಗಿ ಹೇಳಿದರು. "ಇಲ್ಲವ್ವಾ. ನನ್ನ ಹೇಣ್ತಿ ಗಟ್ಟಿಮುಟ್ಟಿ ಅದಾಳ, ಮನ್ಯಾಗ ನನ್ನ ದಾರಿ ಕಾಯಾಕತ್ತಾಳ. ಯಾರೂ ಸತ್ತಿಲ್ಲ. ನಾ ಒಂದು ಕಾಗಿ ನೋಡಬೇಕಾಗಿತ್ತು, ಅಷ್ಟ."

ಅವ್ವ ತಲೆ ಅಲ್ಲಾಡಿಸುತ್ತ ತನ್ನ ಬುಟ್ಟಿಯ ಕಡೆ ನಡೆದಳು. ಆಮೇಲೆ ನಾಲ್ಕು ರೊಟ್ಟಿ ಕಟ್ಟಿ ನನ್ನ ಕೈಗಿಟ್ಟು ಪಿಸುಗುಟ್ಟಿದಳು: "ದುಃಖ ತಲಿಗೆ ಏರೇತಿ ಪಾಪ. ಒಬ್ಬರನ್ನ ಬಿಡಬ್ಯಾಡ್ರಿ, ರಾತ್ರಿ ಯಾರರೆ ಜೋಡಿ ಮಲಗ್ರಿ."