ಅಶ್ವತ್ಥಯ್ಯನವರ ಹಂಡೆವಿಜಯ

ಯಾವ ಯುಗದಲ್ಲಿ ಗೀಸರುಗಳು ಮನೆಮನೆಯ ಗೋಡೆಯನ್ನೇರಿ ಸಿಂಹಾಸನಸ್ಥರಾಗಿ, ತಾಮ್ರದ ಹಂಡೆಗಳು ಹಳೇ ಪಾತ್ರೆಯವರ ತಕ್ಕಡಿಯಲ್ಲಿ ಅಂತಿಮ ಶ್ವಾಸವನ್ನೆಳೆಯುತ್ತಿದ್ದವೋ, ಆ ಹಂಡೆಕುಲಕ್ಷಯಕಾರಕ ಘೋರ ಯುಗದಲ್ಲಿ, ಅರಸೀಕೆರೆಯೆಂಬ ರೈಲುಘೋಷನಿನಾದಿತ ನಗರಿಯಲ್ಲಿ, ಒಂದೇ ಒಂದು ಹಂಡೆಯನ್ನು ಕಾಪಾಡಿಕೊಂಡಿದ್ದ ಮಹಾಪುರುಷನ ಕಥೆಯಿದು. ಕಾಲು ಚಾಚಿಕೊಂಡು ಕೇಳುವಂಥದ್ದಲ್ಲ. ನಿವೃತ್ತ ಡ್ರಿಲ್ ಮೇಷ್ಟ್ರು ಅಶ್ವತ್ಥಯ್ಯನವರು ಸಹಸ್ರಬಾಲಕಭಯಂಕರರು, ಸೀಟಿನಾದಕಂಪಿತದಿಗಂತರು, ಮೂವತ್ತಾರು ವರ್ಷ ಹೆಡ್‌ಮಾಸ್ಟರ ಮುಂದೆಯೂ ಬಾಗದ ಬೆನ್ನಿನವರು.

ಆ ವಜ್ರೋಪಮ ಬೆನ್ನು, ಮಗಳ ಮದುವೆಯ ಹಿಂದಿನ ದಿನ ಬೆಳಗ್ಗೆ ಬೂದುಗುಂಬಳವೊಂದನ್ನು ಎತ್ತಿ ನೆಟ್ಟಗಾಗುತ್ತಲೇ ‘ಕಟಕ್’ ಎಂದಿತು. ಕುಂಬಳಕಾಯಿ ಕೈಜಾರಿ ಉರುಳಿ ಮೂಲೆ ಸೇರಿತು. ಮೇಷ್ಟ್ರು ಗರುಡಗಂಬದಂತೆ ನಿಂತವರು ನಿಂತೇ ಇದ್ದರು. ನಡೆಯಬಲ್ಲರು, ಬಾಗಲಾರರು.

ಸಂಜೆ ಐದಕ್ಕೆ ವರಪೂಜೆ. ಅಳಿಯನ ಪಾದ ತೊಳೆಯಬೇಕು. ಪಾದಗಳು ಸೃಷ್ಟ್ಯಾದಿಯಿಂದಲೂ ನೆಲದ ಮಟ್ಟದಲ್ಲೇ ಇರುವ ಕಾರಣ ಮಾವನಾದವನು ಬಾಗಲೇಬೇಕು. ಬೀಗರು ಮೊದಲೇ ಸೂಕ್ಷ್ಮದವರು. ಬೆನ್ನು ಬಗ್ಗದಿದ್ದರೆ ನೋವೆನ್ನುವುದಿಲ್ಲ, ಧಿಮಾಕು ಎನ್ನುತ್ತಾರೆ. ಆ ಮಾತನ್ನು ಜನ್ಮವಿಡೀ ಕೇಳಬೇಕಾದವಳು ಮಗಳು ವಾಗ್ದೇವಿ. ಇದನ್ನು ನೆನೆದಾಗ ದಿಗಂತವನ್ನೇ ನಡುಗಿಸಿದವರ ಎದೆ ಸಣ್ಣಗೆ ನಡುಗಿತು.

ಆಗ ರಣರಂಗಕ್ಕೆ ಬಂದವನು ಅವರ ಹೆಂಡತಿಯ ತಮ್ಮ, ನಿತ್ಯಶೀತೋದಕಸ್ನಾಯಿ ಶೇಷಾದ್ರಿ. ಜ್ಯೂಸ್ ಅಂಗಡಿಯಿಂದ ತಂದ ಐಸುಗಡ್ಡೆಯನ್ನು ಟವೆಲಿನಲ್ಲಿ ಸುತ್ತಿ ಗದೆಯಂತೆ ಹಿಡಿದಿದ್ದ. ಇದನ್ನು ಸೊಂಟಕ್ಕಿಟ್ಟರೆ ಅರ್ಧ ಗಂಟೆಯಲ್ಲಿ ಭಾವನವರು ಲಾಗ ಹಾಕುತ್ತಾರೆಂದು ಇಡೀ ಮನೆಗೆ ಘೋಷಿಸಿದ.

“ಬಿಸಿನೀರು ಸುಖ ಕೊಡುತ್ತೆ ಭಾವ, ಗುಣ ಕೊಡಲ್ಲ. ನನ್ನ ನೋಡಿ, ಇಪ್ಪತ್ತು ವರ್ಷದಿಂದ ತಣ್ಣೀರೇ. ಒಂದು ನೆಗಡಿ ಅಂತ ಮಲಗಿದೀನಾ?” ಎಂದು ಹೇಳಿ ಎರಡು ಸಲ ಸೀನಿದ.

ಸೊಂಟ ಹೊರಳದ ಕಾರಣ ಮೇಷ್ಟ್ರು ಇಡೀ ದೇಹವನ್ನೇ ಅವನತ್ತ ತಿರುಗಿಸಿದರು. “ಕೇಳಿಸ್ಕೋ ಶೇಷಾದ್ರಿ. ಈ ಹಂಡೆ ನಮ್ಮಜ್ಜಿ ಬಾಣಂತನ ಮಾಡಿದೆ, ನಮ್ಮಮ್ಮನ ಬಾಣಂತನ ಮಾಡಿದೆ, ನಿಮ್ಮಕ್ಕನದ್ದೂ ಮಾಡಿದೆ. ಬಿಸಿನೀರು ಬಿದ್ದರೆ ಬಿಗಿದಿರೋ ನರ ಸಡಿಲ ಆಗುತ್ತೆ, ರಕ್ತ ಓಡಾಡುತ್ತೆ, ಕಟ್ಟಿದ ಮೂಗು ಬಿಡುತ್ತೆ, ಕಣ್ಣಿಗೆ ನಿದ್ದೆ ಹತ್ತುತ್ತೆ. ನಿನ್ನ ಐಸು ಕಬ್ಬಿನಹಾಲಿಗೆ ಹಾಕ್ಕೋ. ನಾನು ಒಳಗೆ ಹೋಗೋದು ಕಂಬದ ಹಾಗೆ, ಹೊರಗೆ ಬರೋದು ಬಳ್ಳಿ ಹಾಗೆ.”

“ಮಾತು ಮುಗೀತಾ?” ಎಂದರು ಹೆಂಡತಿ ನಾಗವೇಣಮ್ಮ. “ನೀರು ಕಾದಿದೆ. ನಿಮ್ಮ ಹಿಂದೆ ಒಂಬತ್ತು ಜನ ಸ್ನಾನಕ್ಕಿದಾರೆ.”

ಬಚ್ಚಲಮನೆಯ ಗೋಡೆಯಲ್ಲಿ ಮೇಷ್ಟ್ರೇ ಸ್ವಹಸ್ತದಿಂದ ಬರೆದ ಶಾಸನವೊಂದಿತ್ತು: ‘ತೋಡಿದಷ್ಟು ತುಂಬಿಸತಕ್ಕದ್ದು.’ ನೀರು ಬತ್ತಿದರೆ ಹಂಡೆಯ ತಳ ಸುಟ್ಟುಹೋಗುತ್ತದೆಂದು ಹುಟ್ಟಿದ ಈ ಆಜ್ಞೆಯನ್ನು ಇಪ್ಪತ್ತೆಂಟು ವರ್ಷಗಳಲ್ಲಿ ಬಂದ ನೆಂಟರೂ ಮೀರಿರಲಿಲ್ಲ. ಮೀರಿದ್ದ ಒಬ್ಬರು ಮತ್ತೆ ಬಂದಿರಲಿಲ್ಲ.

ತೆಂಗಿನಚಿಪ್ಪಿನ ಜ್ವಾಲೆ ಭುಗಿಲೆಂದಿತು. ಪ್ರಳಯಮೇಘಸದೃಶವಾದ ಹಬೆಯ ನಡುವೆ, ಎತ್ತರದ ಸ್ಟೂಲಿನ ಮೇಲೆ ಆರೋಹಣ ಮಾಡಿ, ಮಹಾವೀರನು ಮೊದಲ ಚೊಂಬನ್ನು ಪ್ರಯೋಗಿಸಿದನು. ಬೆನ್ನು ಲೆಕ್ಕಿಸಲಿಲ್ಲ. ಹತ್ತನೆಯ ಚೊಂಬಿಗೆ ಹೆಗಲು ಶರಣಾಯಿತು. ಇಪ್ಪತ್ತಕ್ಕೆ, ದೀರ್ಘಕಾಲ ಮುತ್ತಿಗೆಗೊಳಗಾದ ದುರ್ಗದ ಹೆಬ್ಬಾಗಿಲು ಒಳಗಿನಿಂದಲೇ ತೆರೆದುಕೊಳ್ಳುವಂತೆ, ಸೊಂಟದೊಳಗೆ ಏನೋ ಮೆಲ್ಲಗೆ ಬಿಟ್ಟುಕೊಟ್ಟಿತು. ಮೇಷ್ಟ್ರು ಎದ್ದು ನಿಂತು, ಉಸಿರು ಬಿಗಿಹಿಡಿದು ಬಾಗಿದರು. ಬೆಳಗಿನಿಂದ ಕಾಣದಿದ್ದ ತಮ್ಮ ಹೆಬ್ಬೆರಳನ್ನು ಕಂಡರು. ಮುಟ್ಟಿದರು. ಕಣ್ಣಲ್ಲಿ ನೀರು ಬಂದದ್ದು ಹೊಗೆಗೆಂದು ಅವರ ಅಭಿಪ್ರಾಯ.

“ನಾಗೂ, ಬಗ್ತು” ಎಂಬ ವಿಜಯವಾರ್ತೆ ಹೊರಗೆ ಮುಟ್ಟಿತು. ಶೇಷಾದ್ರಿಯ ಗದೆ ಅಷ್ಟುಹೊತ್ತಿಗೆ ಕರಗಿ ಅವನ ಪಾದದ ಮೇಲೆಯೇ ತೊಟ್ಟಿಕ್ಕುತ್ತಿತ್ತು.

ಮೈ ಒರೆಸಿ ಪಂಚೆ ಸುತ್ತಿಕೊಳ್ಳುವಾಗ ಮೇಷ್ಟ್ರ ಕಣ್ಣು ಶಾಸನದ ಮೇಲೆ ಬಿತ್ತು. ತೋಡಿದ್ದು ಬಿಂದಿಗೆಯ ಲೆಕ್ಕದಲ್ಲಿ ಮೂರು. ಗಂಡನ ಸ್ವಭಾವ ಬಲ್ಲ ನಾಗವೇಣಮ್ಮ, ನೀರನ್ನು ಶೇಷು ತುಂಬುತ್ತಾನೆ, ನೀವು ಸುಮ್ಮನೆ ಬನ್ನಿ ಎಂದು ಬಾಗಿಲಾಚೆಯಿಂದ ಎರಡು ಸಲ ಕೂಗಿದರು.

“ಬರೆದವನೇ ಮೀರಿದರೆ, ಓದಿದವರ ಗತಿಯೇನೇ?” ಎಂದರು ಮೇಷ್ಟ್ರು.

ಮೊದಲನೆಯ ಬಿಂದಿಗೆ ನಿರ್ವಿಘ್ನವಾಗಿ ಹಂಡೆ ಸೇರಿತು. ಎರಡನೆಯದೂ. ಮೂರನೆಯದಕ್ಕೆ ಬಾಗಿ ಕೈಹಾಕಿದರು, ಕಟಕ್.

ಬಾಗಿಲು ತೆರೆಯಿತು. ಜ್ಯಾಬದ್ಧಧನುಸ್ಸಿನಂತೆ ಅರ್ಧಕ್ಕೆ ಮಡಿಸಿದ ಅಶ್ವತ್ಥಯ್ಯನವರು, ನೆಲವನ್ನೇ ನೋಡುತ್ತ ಹೊರಬಂದರು. ನೋಡುತ್ತ ಎಂದರೆ, ಬೇರೇನೂ ಕಾಣುತ್ತಿರಲಿಲ್ಲ.

ಶೇಷಾದ್ರಿ ನಗಲಿಲ್ಲ, ಅಷ್ಟು ಮರ್ಯಾದೆ ಅವನಿಗಿತ್ತು. “ಬಳ್ಳಿ ಅಂದಿದ್ರಿ ಭಾವ” ಎಂದ, “ಹಾಗೇ ಬಂದಿದೀರಿ.”

ಸಂಜೆ ವರಪೂಜೆ ಸಾಂಗವಾಗಿ ನಡೆಯಿತು. ಮೇಷ್ಟ್ರು ಬಾಗುವ ಶ್ರಮವನ್ನೇ ಪಡಬೇಕಾಗಲಿಲ್ಲ. ಛತ್ರದ ಬಾಗಿಲಿನಿಂದಲೇ ಬಾಗಿ ಬಂದು, ಪಾದ ತೊಳೆದು, ಬಾಗಿಯೇ ಹಿಂದಿರುಗಿದರು. ಬೀಗರ ಕಡೆಯ ಹಿರಿಯರೊಬ್ಬರು, ಇಂಥ ವಿನಯವನ್ನು ತಾವು ಈ ಜಿಲ್ಲೆಯಲ್ಲೇ ಕಂಡಿಲ್ಲವೆಂದು ನಾಲ್ಕು ಜನಕ್ಕೆ ಹೇಳಿದರು. ವಾಗ್ದೇವಿ ತುಟಿ ಕಚ್ಚಿಕೊಂಡು ಅಪ್ಪನ ಬೆನ್ನು ಸವರಿದಳು.

ಮದುವೆಯ ಫೋಟೋದಲ್ಲಿ ಇಂದಿಗೂ ಎಲ್ಲರೂ ಕ್ಯಾಮೆರಾ ನೋಡುತ್ತಿದ್ದಾರೆ, ಮೇಷ್ಟ್ರೊಬ್ಬರು ನೆಲ ನೋಡುತ್ತಿದ್ದಾರೆ. ಏನು ಹುಡುಕುತ್ತಿದ್ದರೆಂದು ಯಾರಾದರೂ ಕೇಳಿದರೆ, ನಾಗವೇಣಮ್ಮ ಆಲ್ಬಮ್ಮಿನ ಹಾಳೆ ಮಗುಚುತ್ತ ಹೇಳುತ್ತಾರೆ:

“ಏನಿಲ್ಲ, ಹಂಡೆಗೆ ಇನ್ನೊಂದು ಬಿಂದಿಗೆ ಬಾಕಿ ಇತ್ತು.”