ಎಂಟನೇ ತರಗತಿಯ ಮುಸುಕಿನ ಸಂತರು

ಮುಸುಕು, ಗವಸು, ಹೊದಿಕೆ ಇವುಗಳ ವಿಷಯದಲ್ಲಿ ನನಗೂ ನನ್ನ ಹೆಂಡತಿಗೂ ಮದುವೆಯಾದಂದಿನಿಂದ ಜಗಳ. ಅವಳಿಗೆ ಮನೆಯಲ್ಲಿ ಯಾವ ಸಾಮಾನನ್ನೂ ಬೆತ್ತಲೆ ಬಿಟ್ಟು ಗೊತ್ತಿಲ್ಲ. ರೇಡಿಯೋಗೆ ಕಸೂತಿ ಹಾಕಿದ ಗವಸು, ಹೊಲಿಗೆ ಯಂತ್ರಕ್ಕೆ ಹೂವಿನ ಗವಸು, ಮಿಕ್ಸಿಗೆ ಜಾಲರಿ ಬಟ್ಟೆ. ಚಳಿಗಾಲ ಬಂತೆಂದರೆ ಟೇಬಲ್ ಫ್ಯಾನಿನ ತಲೆಗೆ ಹಳೆಯ ದಿಂಬಿನ ಚೀಲ. ಅವಳು ಹೊದಿಸುತ್ತ ಹೋದ ಹಾಗೆ ನಾನು ಹಿಂದಿನಿಂದ ತೆಗೆಯುತ್ತ ಹೋಗುತ್ತೇನೆ. "ಧೂಳು ಕೂರುತ್ತೆ ಕಣ್ರೀ" ಎನ್ನುತ್ತಾಳೆ. ನಾನು ಗಾಳಿ, ಬೆಳಕು, ಸೌಂದರ್ಯ ಎಂದೆಲ್ಲ ಏನೇನೋ ಭಾಷಣ ಬಿಗಿಯುತ್ತೇನೆ. ನಿಜ ಹೇಳಬೇಕೆಂದರೆ ಅದು ಸೌಂದರ್ಯವೂ ಅಲ್ಲ, ಮಣ್ಣೂ ಅಲ್ಲ; ಹೆದರಿಕೆ. ಮುಸುಕು ಹಾಕಿದ ಫ್ಯಾನು ಮೂಲೆಯಲ್ಲಿ ಕತ್ತು ವಾಲಿಸಿ ನಿಂತಿದ್ದರೆ ಅದಕ್ಕೆ ಬೆನ್ನು ಹಾಕಿ ನಾನು ಕೂರಲಾರೆ. ಮೊಮ್ಮಕ್ಕಳನ್ನು ಕಂಡ ಮುದುಕ ಫ್ಯಾನಿಗೆ ಹೆದರುತ್ತಾನೆ ಅಂದರೆ ನಗುತ್ತೀರಿ. ನಗಿ, ಸ್ವಾಮಿ. ನೀವು ಎಂಟನೇ ತರಗತಿಯ ಕೊನೆಯ ಬೆಂಚಿನಲ್ಲಿ ನನ್ನ ಪಕ್ಕ ಕೂತವರಲ್ಲವಲ್ಲ.

ಇದು ಅರವತ್ತರ ದಶಕ ಮುಗಿಯುತ್ತಿದ್ದಾಗಿನ ಮಾತು. ಮಾಕಳಿದುರ್ಗದ ಬೆಟ್ಟದ ಬುಡದ ಹಳ್ಳಿಯವನಾದ ನನ್ನನ್ನು ಅಪ್ಪ ದೊಡ್ಡಬಳ್ಳಾಪುರದ ಅಂಚಿನಲ್ಲಿದ್ದ ಪಾದ್ರಿಗಳು ನಡೆಸುತ್ತಿದ್ದ ಹುಡುಗರ ಹೈಸ್ಕೂಲಿಗೆ ಸೇರಿಸಿದರು. ಅಪ್ಪನಿಗೆ ಆ ಶಾಲೆಯ ಬಗ್ಗೆ ಗೊತ್ತಿದ್ದುದು ಒಂದೇ. "ಪಾದ್ರಿಗಳು ಚೆನ್ನಾಗಿ ಹೊಡೀತಾರಂತೆ, ಒಳ್ಳೇ ಇಸ್ಕೂಲು!" ಎಂದು ಊರಿಗೆಲ್ಲ ಹೇಳಿಕೊಂಡು ಬಂದರು. ಮೊದಲ ದಿನ ನೆಲ ಗುಡಿಸುವ ಹಾಗಿದ್ದ ಬಿಳಿ ನಿಲುವಂಗಿಯಲ್ಲಿ ಹೆಡ್‌ಮಾಸ್ಟರ್ ಫಾದರ್ ಒಳಗೆ ಬಂದಾಗ ಹುಡುಗರೆಲ್ಲ ಎದ್ದು "ಗುಡ್ ಮಾರ್ನಿಂಗ್ ಫಾದರ್" ಎಂದು ರಾಗವಾಗಿ ಹಾಡಿದರು. ನನಗೆ ಅದೇ ಪಾಠವೇನೋ ಅನ್ನಿಸಿ ಮನೆಗೆ ಬಂದು ಅಮ್ಮನೆದುರು ಬಾಯಿಪಾಠ ಒಪ್ಪಿಸಿದೆ. ಎತ್ತರದವನೆಂದು ನನ್ನನ್ನು ಕೊನೆಯ ಬೆಂಚಿಗೆ ತಳ್ಳಿದರು. ಆ ಬೆಂಚಿನ ಹಿಂದೆ, ಗೋಡೆಯ ಮೂಲೆಯಲ್ಲಿ, ಮರದ ಪೀಠದ ಮೇಲೆ ಸಂತ ಅಂತೋಣಿಯವರು ನಿಂತಿದ್ದರು. ಹೆಚ್ಚುಕಡಿಮೆ ಆಳೆತ್ತರದ ಮಣ್ಣಿನ ಪ್ರತಿಮೆ. ಕಂದು ನಿಲುವಂಗಿ, ತೋಳಿನ ಮೇಲೊಂದು ಮಗು.

ನನ್ನ ಎಡಕ್ಕೆ ಕೂರುತ್ತಿದ್ದವನು ಚಿನ್ನಪ್ಪ, ಶಾಲೆಯ ಪಕ್ಕದ ಚರ್ಚಿಗೇ ಸೇರಿದ ಮನೆಯ ಹುಡುಗ. ಕಳೆದುಹೋದ ಸಾಮಾನನ್ನು ಹುಡುಕಿಕೊಡುವುದು ಅಂತೋಣಿಯವರ ಕೆಲಸ ಎಂದು ಅವನು ಹೇಳಿದ್ದೇ ತಡ, ನಾವು ಆ ಸಂತರಿಗೆ ಉಸಿರಾಡಲು ಬಿಡಲಿಲ್ಲ. ಕಂಪಾಸು, ರಬ್ಬರು, ಬುತ್ತಿ ಡಬ್ಬಿಯ ಮುಚ್ಚಳ, ಒಬ್ಬನ ಎಡಗಾಲಿನ ಚಪ್ಪಲಿ, ಎಲ್ಲಕ್ಕೂ ಅವರೇ. ನನ್ನ ಬಲಕ್ಕೆ ಗೋಪಾಲ, ಊರಿನ ದೇವಸ್ಥಾನದ ಅರ್ಚಕರ ಮೊಮ್ಮಗ. ಅವನು ತಾತನ ಬುಟ್ಟಿಯಿಂದ ದಾಸವಾಳ ತಂದು ಸಂತರ ಪಾದದ ಮೇಲಿಡುತ್ತಿದ್ದ. ಫಾದರ್ ಹೂವನ್ನು ನೋಡಿದರೂ ತೆಗೆಸುತ್ತಿರಲಿಲ್ಲ. ಹೀಗೆ ಜೂನ್‌ನಿಂದ ಅಂತೋಣಿಯವರು ನನ್ನ ಬೆನ್ನ ಹಿಂದೆಯೇ ಇದ್ದರು. ಪುಸ್ತಕದ ಮರೆಯಲ್ಲಿ ಕಡಲೆಕಾಯಿ ತಿನ್ನುವಾಗಲೂ ಅವರ ಭಯ ನನಗಿರಲಿಲ್ಲ. ಮನೆಯ ಹಿರಿಯರು ಕಂಡೂ ಕಾಣದಂತೆ ಇರುತ್ತಾರಲ್ಲ, ಅಂಥ ಮುಖ ಅದು.

ಬೇಸಿಗೆ ಶುರುವಾಗಿ ವಾರ್ಷಿಕ ಪರೀಕ್ಷೆ ಹತ್ತಿರ ಬಂದಿತ್ತು. ಒಂದು ಸೋಮವಾರ ಒಳಗೆ ಕಾಲಿಟ್ಟವನು ಬಾಗಿಲಲ್ಲೇ ನಿಂತುಬಿಟ್ಟೆ. ಅಂತೋಣಿಯವರ ಮುಖವಿರಲಿಲ್ಲ. ತಲೆಯಿಂದ ಪಾದದವರೆಗೆ ಕಡುನೇರಳೆ ಬಟ್ಟೆ ಹೊದಿಸಿ ಸೊಂಟಕ್ಕೆ ದಾರ ಬಿಗಿದಿದ್ದರು. ಮೇಲೊಂದು ದೊಡ್ಡ ಉಬ್ಬು, ಪಕ್ಕದಲ್ಲಿ ಮಗುವಿನ ತಲೆಯ ಸಣ್ಣ ಉಬ್ಬು. ವರಾಂಡದಲ್ಲಿದ್ದ ಕನ್ಯಾಮಾತೆಯ ಪ್ರತಿಮೆಗೂ ಹಾಗೇ, ಮೆಟ್ಟಿಲ ಬಳಿಯ ಶಿಲುಬೆಗೂ ಹಾಗೇ. ನಮ್ಮ ಕಡೆ ತಲೆಯಿಂದ ಕಾಲಿನವರೆಗೆ ಬಟ್ಟೆ ಹೊದಿಸುವುದು ಯಾರಿಗೆ ಎಂಬುದನ್ನು ನಿಮಗೆ ಹೇಳಬೇಕಾಗಿಲ್ಲ. ನಾನು ಹೋಗಿ ಕೂತೆ, ಕೂರಲೇಬೇಕಲ್ಲ. ಮುಖ ಇದ್ದಾಗ ಎಂದೂ ಅನ್ನಿಸದಿದ್ದದ್ದು ಈಗ ಅನ್ನಿಸತೊಡಗಿತು: ಹಿಂದಿನಿಂದ ಯಾರೋ ನನ್ನ ಕುತ್ತಿಗೆಯನ್ನೇ ನೋಡುತ್ತಿದ್ದಾರೆ.

"ತಪಸ್ಸು ಕಾಲ ಕಣೋ. ಈಸ್ಟರ್ ಹಿಂದಿನ ದಿನದವರೆಗೂ ಮುಖ ನೋಡೋಂಗಿಲ್ಲ" ಎಂದ ಚಿನ್ನಪ್ಪ.

"ಯಾಕೆ ನೋಡೋಂಗಿಲ್ಲ?"

"ನೋಡೋಂಗಿಲ್ಲ ಅಂದ್ರೆ ನೋಡೋಂಗಿಲ್ಲ. ನಮ್ಮಜ್ಜಿ ಹೇಳವ್ಳೆ."

ಅವನಿಗೂ ಗೊತ್ತಿರಲಿಲ್ಲವೆಂದು ಕಾಣುತ್ತದೆ. ಆ ಖಾಲಿ ಜಾಗವನ್ನು ಗೋಪಾಲ ತುಂಬಿದ. ಅವನು ದನಿ ತಗ್ಗಿಸಿ ಹೇಳಿದ್ದು ಹೀಗೆ: "ಲೇ, ನಂಗೊತ್ತು ಬಿಡು. ಇದು ಕಣ್ಣು ತೆರೆಸೋ ಶಾಸ್ತ್ರ. ನಮ್ಮಲ್ಲೂ ಹೊಸ ವಿಗ್ರಹಕ್ಕೆ ಹಿಂಗೇ ಕಣ್ಣು ಮುಚ್ಚಿಟ್ಟಿರ್ತಾರೆ. ತೆರೆದಾಗ ಮೊದಲನೇ ನೋಟ ಇರತ್ತಲ್ಲ, ಅದನ್ನ ಮನುಷ್ಯ ತಡ್ಕಳಕ್ಕಾಗಲ್ಲ. ಅದಕ್ಕೇ ತಾತ ಎದುರಿಗೆ ಕನ್ನಡಿ ಹಿಡೀತಾರೆ, ಇಲ್ಲಾ ಕರು ನಿಲ್ಲಿಸ್ತಾರೆ. ಒಂದ್ಸಲ ಕನ್ನಡಿ ಚಟ್ ಅಂತ ಸೀಳ್ಕೊಂಡಿತ್ತಂತೆ!" ಚಿನ್ನಪ್ಪ ಬಾಯಿ ತೆರೆದುಕೊಂಡು ಕೇಳಿದ. ತನ್ನ ಧರ್ಮದ ವಿಷಯ ಅರ್ಚಕರ ಮೊಮ್ಮಗನಿಂದ ತಿಳಿಯಿತೆಂದು ಅವನಿಗೆ ಸಂತೋಷವೇ ಆದಂತಿತ್ತು.

ಇದನ್ನು ಮರೆತು ಪರೀಕ್ಷೆಗೆ ಓದಿಕೊಂಡಿದ್ದರೆ ಚೆನ್ನಾಗಿತ್ತು. ಅಷ್ಟರಲ್ಲಿ ಫಾದರ್ ತರಗತಿಗೆ ಬಂದು ನಮ್ಮ ಬೆಂಚಿನ ಕಡೆ ಬೆರಳು ತೋರಿಸಿದರು. "ನೀನು ಎತ್ತರ ಇದ್ದೀ. ಈಸ್ಟರ್ ಹಿಂದಿನ ಶನಿವಾರ ಮಧ್ಯಾಹ್ನ ಬಂದು ಅಂತೋಣಿಯವರ ಬಟ್ಟೆ ತೆಗೆದುಬಿಡು" ಎಂದರು. ಗೋಪಾಲ ಮೆಲ್ಲಗೆ ಬೆಂಚಿನ ಆ ತುದಿಗೆ ಸರಿದ. ಫಾದರ್‌ಗೆ ಇಲ್ಲ ಎನ್ನುವ ಹುಡುಗ ಆ ಶಾಲೆಯಲ್ಲಿ ಹುಟ್ಟಿರಲಿಲ್ಲ. ಮೊದಲ ನೋಟ ನನ್ನ ಮೇಲೇ ಬೀಳುವುದೆಂದು, ನಾನು ಹತ್ತಿಯ ಹಾಗೆ ಉರಿದುಹೋಗುವೆನೆಂದು ನನಗೆ ಖಾತರಿಯಾಯಿತು. ಅಂದಿನಿಂದ ಅನ್ನ ರುಚಿಸಲಿಲ್ಲ. ಸುಳ್ಳೇಕೆ, ರುಚಿಸಿತು, ಇನ್ನೆಷ್ಟು ದಿನವೋ ಎಂದು ಎರಡೆರಡು ಸಲ ಬಡಿಸಿಕೊಂಡೆ. "ಹುಡುಗ ಬೆಳೀತಾವ್ನೆ" ಎಂದು ಅಮ್ಮ ಹಿಗ್ಗಿದಳು. ಅದನ್ನು ಕೇಳಿ ನನಗೆ ಅಳು ಬಂತು.

ಕರುವಿನ ಯೋಚನೆಯನ್ನೂ ಮಾಡಿದೆ. ನಮ್ಮ ಕೊಟ್ಟಿಗೆಯಲ್ಲೇ ಒಂದಿತ್ತು. ಆದರೆ ಬಸ್ಸಿನ ಕಂಡಕ್ಟರು ಅದನ್ನು ಹತ್ತಿಸಿಕೊಳ್ಳುವುದಿರಲಿ, ನನ್ನ ಬದಲು ಅದು ಉರಿದುಹೋದೀತೆಂಬುದೇ ಸಂಕಟವಾಯಿತು. ಕೊನೆಗೆ ಆ ಶನಿವಾರ ನಮ್ಮ ತಾತನ ಗಡ್ಡ ಹೆರೆಯುವ ಕನ್ನಡಿಯನ್ನು ಟವಲಿನಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡು ಹೊರಟೆ. ಶಾಲೆಯ ಆವರಣದಲ್ಲಿ ನರಪಿಳ್ಳೆಯಿಲ್ಲ. ಪೇಟೆಯ ಕಡೆಯಿಂದ ಮಗ್ಗಗಳ ಸದ್ದು ಬರುತ್ತಿತ್ತು, ಅದೂ ಒಂದು ಗಳಿಗೆ ನಿಂತಿತು. ಚರ್ಚಿನ ಬಾಗಿಲು ತೆರೆದಿತ್ತು. ಒಳಗೆ ದೀಪವಿಲ್ಲ, ಹೂವಿಲ್ಲ, ಬಟ್ಟೆಯೆಲ್ಲ ತೆಗೆದ ಪೂಜೆಯ ಪೀಠ ಬರಿದಾಗಿತ್ತು. ಮನೆ ಖಾಲಿ ಮಾಡಿ ಹೋದವರ ಹಾಗೆ ದೇವರು ಎಲ್ಲಿಗೋ ಹೊರಟುಹೋಗಿದ್ದ. ಚಿನ್ನಪ್ಪ ಮರದ ಗಿರಗಟ್ಟೆಯೊಂದನ್ನು ಟರಟರ ತಿರುಗಿಸುತ್ತ ಮೂಲೆಯಿಂದ ಬಂದ. "ಗಂಟೆ ಹೊಡಿಯಂಗಿಲ್ಲ ಇವತ್ತು, ಸಾಯಂಕಾಲದ ಪೂಜೆವರೆಗೂ ಇದೇ" ಎಂದ. "ಒಳಗೆ ಬಾರೋ ಜೊತೆಗೆ" ಎಂದು ಅಂಗಲಾಚಿದೆ. "ನಾನ್ಯಾಕಪ್ಪಾ? ನಿಂಗೆ ತಾನೆ ಹೇಳಿರೋದು!" ಎಂದವನೇ ಗಿರಗಟ್ಟೆಯೊಂದಿಗೆ ಮಾಯವಾದ.

ತರಗತಿಯ ಕಿಟಕಿಗಳೆಲ್ಲ ಮುಚ್ಚಿದ್ದವು. ಬೆಂಚುಗಳನ್ನು ನೆಲ ತೊಳೆಯಲೆಂದು ಗೋಡೆಯ ಕಡೆ ತಳ್ಳಿದ್ದರಿಂದ ನಡುವೆ ದೊಡ್ಡ ಬಯಲು. ಆ ತುದಿಯಲ್ಲಿ ಅವರು. ನಾನು ಒಂದು ಬೆಂಚನ್ನು ಎಳೆದುಕೊಂಡು ಹೋಗಿ ಹತ್ತಿದೆ. ಸೊಂಟದ ದಾರ ಬಿಚ್ಚಿದೆ. ಆಗ ನೋಡಿದೆ, ಬಾಯಿ ಇರಬೇಕಾದ ಜಾಗದಲ್ಲಿ ಬಟ್ಟೆ ಒಳಕ್ಕೆ ಹೋಯಿತು, ಹೊರಕ್ಕೆ ಬಂತು. ಮತ್ತೆ ಒಳಕ್ಕೆ, ಮತ್ತೆ ಹೊರಕ್ಕೆ. ಗಾಳಿಯಿರಲಿಲ್ಲ ಎಂದು ಇಂದಿಗೂ ಯಾವ ದೇವರ ಮುಂದೆ ಬೇಕಾದರೂ ಹೇಳುತ್ತೇನೆ. ಬಟ್ಟೆಗೆ ಚಾಚಿದ ಕೈಯನ್ನು ಅರ್ಧದಲ್ಲೇ ನಿಲ್ಲಿಸಿ ಹೆಗಲ ಚೀಲದಿಂದ ಕನ್ನಡಿ ತೆಗೆದೆ. ಮುಖ ಪಕ್ಕಕ್ಕೆ ತಿರುಗಿಸಿಕೊಂಡು, ಎಡಗೈಯಲ್ಲಿ ಕನ್ನಡಿಯನ್ನು ಅವರ ಮುಖಕ್ಕೆ ಸರಿಯಾಗಿ ಹಿಡಿದು, ಬಲಗೈಯಿಂದ ಬಟ್ಟೆಯನ್ನು ಜಗ್ಗಿದೆ. ಅದು ಜಾರಿ ಕೆಳಗೆ ಬಿತ್ತು. ಒಂದು ಕ್ಷಣ ಏನೂ ಇಲ್ಲ. ಆಮೇಲೆ ನನ್ನ ಬೆರಳುಗಳ ನಡುವೆ, ಚಟ್!

"ಏನದು?" ಎಂದು ಬಾಗಿಲಿನಿಂದ ಕೇಳಿತು. ಫಾದರ್ ನಿಂತಿದ್ದರು. ನಾನು ಬೆಂಚಿನ ಮೇಲೆ ನಿಂತೇ ಕಣ್ಣು ತೆರೆಸುವುದು, ಮೊದಲ ನೋಟ, ಕರು, ಕಂಡಕ್ಟರು ಎಲ್ಲವನ್ನೂ ಬಡಬಡಿಸಿದೆ. ಫಾದರ್ ನಕ್ಕರು, ಹೊಟ್ಟೆ ಕುಲುಕುವ ಹಾಗೆ ನಕ್ಕರು. "ಹುಚ್ಚಪ್ಪಾ, ನೀನೇ ಗಟ್ಟಿಯಾಗಿ ಅಮುಕಿರಬೇಕು" ಎಂದು ಕನ್ನಡಿಯನ್ನು ಈಸಿಕೊಂಡರು. ಅಂಚೆಲ್ಲ ಸರಿಯಾಗಿತ್ತು. ನಟ್ಟನಡುವೆ ಮೇಲಿನಿಂದ ಕೆಳಕ್ಕೆ ಒಂದೇ ಗೆರೆಯ ಸೀಳು. ಅದನ್ನು ನೋಡುತ್ತ ನೋಡುತ್ತ ಅವರ ನಗು ನಿಂತಿತು. ಕನ್ನಡಿಯನ್ನು ನನ್ನ ಕೈಗಿಟ್ಟು, ಅಂತೋಣಿಯವರ ಕಡೆ ತಿರುಗಿ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡರು. "ಬಸ್ಸಿಗೆ ಹೊತ್ತಾಯ್ತು, ಹೋಗು" ಎಂದರು. ನಾನು ಹೋಗುವಾಗ ಧೈರ್ಯ ಮಾಡಿ ಒಮ್ಮೆ ತಿರುಗಿ ನೋಡಿದೆ. ಅದೇ ಹಳೆಯ ಮುಖ, ಕಂಡೂ ಕಾಣದಂಥ ಮುಖ. ತಾತ ಮಾತ್ರ ಸಾಯುವವರೆಗೂ ಆ ಕನ್ನಡಿಯಲ್ಲಿ ಅರ್ಧರ್ಧ ಮುಖ ನೋಡಿಕೊಂಡು ಗಡ್ಡ ಹೆರೆದರು, ನನ್ನನ್ನು ಬೈಯುತ್ತಲೇ ಹೆರೆದರು.

ಈ ಕಥೆಯನ್ನು ಹೆಂಡತಿಗೆ ನೂರು ಸಲ ಹೇಳಿದ್ದೇನೆ. ಗವಸುಗಳು ಕಡಿಮೆಯಾಗಲಿಲ್ಲ. ಹೋದ ವಾರ ಊಟವಾದ ಮೇಲೆ ಆರಾಮ ಕುರ್ಚಿಯಲ್ಲಿ ನಿದ್ದೆ ಹೋದೆ. ಎಚ್ಚರವಾದಾಗ ಜಗತ್ತೆಲ್ಲ ನೇರಳೆಯಾಗಿತ್ತು. ನೊಣ ಕೂರುತ್ತವೆಂದು ಅವಳು ತನ್ನ ಹಳೆಯ ಸೀರೆಯನ್ನು ನನ್ನ ತಲೆಯ ಮೇಲಿಂದ ಪಾದದವರೆಗೆ ಹೊದಿಸಿಬಿಟ್ಟಿದ್ದಳು. ಹೊರಗಿನವರಿಗೆ ಒಳಗಿನದು ಕಾಣದಿದ್ದರೂ ಒಳಗಿನವನಿಗೆ ಹೊರಗಿನದೆಲ್ಲ ಕಾಣುತ್ತದೆ, ಇದು ನನಗೆ ಅಂದು ತಿಳಿಯಿತು. ಅವಳು ಎದುರಿಗೆ ನಿಂತಿದ್ದಳು. "ರೀ... ಏಳ್ರೀ... ಎಷ್ಟು ಸಲ ಕೂಗೋದು?" ಎನ್ನುತ್ತಿದ್ದಳು. ಬಟ್ಟೆ ತೆಗೆಯಲು ಚಾಚಿದ ಕೈ ಅರ್ಧದಲ್ಲೇ ನಿಂತಿತ್ತು. ತೆಗೆದರೆ ಎಂಥ ಮುಖ ಕಾಣಬೇಕಾದೀತೋ ಎಂದು ಅವಳು ಹೆದರಿದ್ದಳು. ಬೆಂಚಿನ ಮೇಲೆ ನಿಂತ ಹುಡುಗನ ಕೈಯೂ ಹೀಗೇ ನಿಂತಿತ್ತಲ್ಲ ಎಂದು ನೆನಪಾಯಿತು. ಪಾಪ, ಧೈರ್ಯ ಬರಲಿ ಎಂದು ನಾನು ಜೋರಾಗಿ ಉಸಿರೆಳೆದೆ. ಬಾಯಿಯ ಹತ್ತಿರ ಬಟ್ಟೆ ಒಳಕ್ಕೆ ಹೋಯಿತು, ಹೊರಕ್ಕೆ ಬಂತು. ಅವಳು ಕಿಟಾರನೆ ಕಿರುಚಿ ಅಡುಗೆಮನೆಗೆ ಓಡಿದಳು.

ಆಮೇಲೆ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಬಂದು ಅವಳು ಕೇಳಿದಳು: "ಆ ನಿಮ್ಮ ಸಂತರಿಗಾದ್ರೆ ಮಣ್ಣಿನ ಬಾಯಿ. ಬದುಕಿದ್ದೀನಿ ಕಣೇ ಅಂತ ಒಂದು ಮಾತು ಹೇಳೋಕೆ ನಿಮಗೇನಾಗಿತ್ತು?"