ಪೂಜೆಗೆ ಕೂತ ಉಸಿರಿನ ಮಿಷಿನನ್ನು ಬೋರಲಿಂಗೇಗೌಡನು ಬಿಡಿಸಿಕೊಂಡದ್ದು

ಕಲಿಯುಗವು ನಡುವಯಸ್ಸು ದಾಟಿ, ಮನುಷ್ಯನು ನೀರನ್ನು ಬಾಟಲಿಯಲ್ಲಿ ಕುಡಿದು ಗಾಳಿಯನ್ನು ಕೊಳವೆಯಲ್ಲಿ ಸೇವಿಸುವ ಕಾಲ ಬಂದಿರಲಾಗಿ, ಎಲೈ ವಾಯುದೇವನೇ, ನಿನ್ನನ್ನು ನೆನೆಯುತ್ತೇನೆ. ಹನುಮನನ್ನೂ ಭೀಮನನ್ನೂ ಹೆತ್ತವನೇ, ಅವರಿಬ್ಬರ ಕಥೆ ಹೇಳುವುದಕ್ಕೆ ಸಾವಿರ ಜನ ಇದ್ದಾರೆ. ಒಂದು ಮಾರು ಉದ್ದದ ಪ್ಲಾಸ್ಟಿಕ್ ಕೊಳವೆಯೊಳಗೆ ನೀನು ನುಸುಳಿ ಬಂದ ಕಥೆಗೆ ನನ್ನನ್ನು ಬಿಟ್ಟರೆ ಗತಿಯಿಲ್ಲ. ನನ್ನ ನಾಲಗೆಯ ಮೇಲೆ ನಿಲ್ಲು. ನಿಲ್ಲದಿದ್ದರೆ ಬೇಡ, ನಾನೇ ಹೇಳಿಕೊಳ್ಳುತ್ತೇನೆ.

ಮದ್ದೂರು ಸೀಮೆಯಲ್ಲಿ ಬೋರಲಿಂಗೇಗೌಡನೆಂಬ ವೀರನಿದ್ದನು. ಲೇತ್ ಮಿಷಿನ್ನಿನ ಒಡೆಯನು, ಬಾಗಿದ ಟ್ರ್ಯಾಕ್ಟರ್ ಆಕ್ಸಲ್‌ಗಳನ್ನು ಕಣ್ಣಳತೆಯಲ್ಲೇ ನೆಟ್ಟಗೆ ಮಾಡುವವನು, ಊರ ನಾಟಕದಲ್ಲಿ ಹದಿನಾಲ್ಕು ವರ್ಷ ದುರ್ಯೋಧನನ ಪಾತ್ರ ಕಟ್ಟಿ, ಕೋಪ ಬಂದರೆ ಮನೆಯಲ್ಲೂ ನಾಟಕದ ಭಾಷೆಯನ್ನೇ ಆಡುವವನು. ಆದರೆ ಅವನ ಕೀರ್ತಿ ಹಬ್ಬಿದ್ದು ಗೊರಕೆಯಿಂದ. ಘನಘರ್ಘರನಿನಾದಕಂಪಿತದಿಗಂತನಾದ ಅವನು ಮಲಗಿದರೆ ಮೂರನೆಯ ಮನೆಯ ಎಮ್ಮೆ ಬೆದರಿ, ಕರೆಯಗೊಡದೆ ಹಾಲು ಏರಿಸಿಕೊಳ್ಳುತ್ತಿತ್ತು. ಅಷ್ಟೇ ಆಗಿದ್ದರೆ ಎಮ್ಮೆಯ ಪಾಡು ಎಮ್ಮೆಗೆ ಎನ್ನಬಹುದಿತ್ತು. ಗೊರಕೆಯ ನಡುವೆ ಅವನ ಉಸಿರೇ ನಿಂತುಹೋಗುತ್ತಿತ್ತು. ಡಾಕ್ಟರು ಪರೀಕ್ಷೆ ಮಾಡಿ, ಮೂಗಿಗೆ ಮುಖವಾಡ ಕಟ್ಟಿ ಗಾಳಿ ಒತ್ತುವ ಸಿಪ್ಯಾಪ್ ಎಂಬ ಮಿಷಿನ್ ಬರೆದುಕೊಟ್ಟು, “ಹಗಲಾಗಲಿ ಇರುಳಾಗಲಿ, ಇದಿಲ್ಲದೆ ಕಣ್ಣು ಮುಚ್ಚಬೇಡಿ” ಎಂದು ಆಣೆ ಹಾಕಿದ್ದರು. ಅಂದಿನಿಂದ ಎಮ್ಮೆಯೂ ಸುಖವಾಗಿತ್ತು.

ಇಂಥ ವೀರನು ಹಳೆಯ ಸ್ಕೂಲ್ ವ್ಯಾನೊಂದನ್ನು ಕೊಂಡು, ಸೀಟು ಕಿತ್ತು, ಮಂಚ ಹೊಡೆದು, ಒಲೆ ಕೂರಿಸಿ, ಅದನ್ನು ಚಲಿಸುವ ಅರಮನೆಯನ್ನಾಗಿ ಮಾಡಿದ್ದನು. ಆಯುಧಪೂಜೆಯ ರಜೆಗೆ ಹೆಂಡತಿ ಕೆಂಪಾಜಮ್ಮನನ್ನೂ, ಅವಳ ತಮ್ಮ ನಿಂಗರಾಜನನ್ನೂ ಕೂರಿಸಿಕೊಂಡು ಹಿನ್ನೀರಿನ ದಂಡೆಗೆ ಬಂದಿಳಿದನು. ಅಲ್ಲಿ ಕರೆಂಟಿನ ಕಂಬವಿಲ್ಲ, ನಲ್ಲಿಯಿಲ್ಲ, ನೆರೆಯವರಿಲ್ಲ. ಗಾಡಿ ಎಬ್ಬಿಸುವ ಬ್ಯಾಟರಿ ಒಂದು. ಮಂಚದಡಿಯಲ್ಲಿ, ಮಿಷಿನ್ನಿಗೂ ದೀಪಕ್ಕೂ ಸೇರಿ, ಇನ್ನೊಂದು. ಆ ಎರಡನೆಯದನ್ನು ನಂಬಿಕೊಂಡೇ ಅವನ ಉಸಿರಿತ್ತು.

ಹಬ್ಬದ ದಿನ ಆಯುಧಗಳು ಎಲ್ಲಿವೆಯೋ ಪೂಜೆಯೂ ಅಲ್ಲೇ ಎಂದು ಕೆಂಪಾಜಮ್ಮ ಬೆಳಗಾಗುವ ಮೊದಲೇ ಎದ್ದು ಹೋಳಿಗೆ ಬೇಯಿಸಿದಳು. ಸ್ಪ್ಯಾನರು, ಜಾಕು, ಈಳಿಗೆಮಣೆಗಳನ್ನು ತೊಳೆದು ಸಾಲಾಗಿ ಇಟ್ಟು, ಎಲ್ಲಕ್ಕೂ ಮೇಲೆ, ಮಣೆಯ ಮೇಲೆ, ಉಸಿರಿನ ಮಿಷಿನನ್ನು ಕೂರಿಸಿ, ವಿಭೂತಿ ಎಳೆದು, ಚೆಂಡುಹೂವಿನ ಹಾರ ಹಾಕಿ, ಮುಖವಾಡದ ಮೂಗಿನ ಮೇಲೆ ಕಾಸಗಲ ಕುಂಕುಮವಿಟ್ಟಳು. ಮಂಗಳಾರತಿ ಆಯಿತು. ಊಟವಾಯಿತು. ಬೋರಲಿಂಗೇಗೌಡನು ತುಪ್ಪ ಸುರಿದು ಒಂಬತ್ತು ಹೋಳಿಗೆಗಳನ್ನು ಸಂಹರಿಸಿದನು.

ಆಗ ನಿದ್ರೆಯೆಂಬ ರಾಕ್ಷಸಿ ಅವನ ಮೇಲೆ ಎರಗಿದಳು. ರೆಪ್ಪೆಗಳು ಕೋಟೆಯ ಬಾಗಿಲಿನಂತೆ ಬೀಳತೊಡಗಿದವು. ತೂರಾಡುತ್ತ ಹೋಗಿ ಮಿಷಿನ್ನಿಗೆ ಕೈಯಿಟ್ಟನು. ಬಳೆ ತೊಟ್ಟ ಕೈಯೊಂದು ಅಡ್ಡ ಬಂತು.

“ಮುಟ್ಬ್ಯಾಡಿ. ಪೂಜೆ ಆಗೈತೆ. ಪೂಜೆ ಆದ ಆಯುಧವ ನಾಳೆ ಬನ್ನಿ ಮುಡಿಯೋಗಂಟ ಮುಟ್ಟೋ ಹಂಗಿಲ್ಲ.”

ವೀರನು ಒಂದು ಹೆಜ್ಜೆ ಹಿಂದೆ ಸರಿದು, ಎದೆಯುಬ್ಬಿಸಿ, ಟವೆಲನ್ನು ಉತ್ತರೀಯದಂತೆ ಎಸೆದು ಗರ್ಜಿಸಿದನು: “ಎಲೈ ಮಾನಿನೀ, ಯಾರನ್ನು ತಡೆಯುತ್ತಿರುವೆ ಎಂಬುದನ್ನು ಬಲ್ಲೆಯಾ? ಹನ್ನೆರಡು ಟನ್ನಿನ ಲಾರಿಯ ಚಾಸಿಯನ್ನು ಬರಿಯ ಸುತ್ತಿಗೆಯಿಂದ ಮಣಿಸಿದ ಭುಜಗಳಿವು. ಪಾಂಡವರೂ ಬನ್ನಿಯ ಮರದಲ್ಲಿ ಬಿಲ್ಲುಬಾಣಗಳನ್ನು ಇಟ್ಟರೇ ವಿನಾ ಮೂಗುಗಳನ್ನು ಇಟ್ಟವರಲ್ಲ. ದಾರಿ ಬಿಡು, ಬಿಡದಿದ್ದರೆ ಈ ಹಿನ್ನೀರನ್ನೇ ಆಪೋಶನ ತೆಗೆದುಕೊಂಡೇನು.”

“ತಕ್ಕಳಿ. ಮಜ್ಜಿಗೆ ಮುಗುದೋಗೈತೆ, ಅದನ್ನೇ ಕುಡೀರಿ.”

“ರಾತ್ರಿಗೆ ಏನು ಮಾಡ್ಲಿ ಹೇಳು.” ವೀರನ ಭಾಷೆ ನೆಲಕ್ಕಿಳಿಯಿತು.

ಕೆಂಪಾಜಮ್ಮ ಹಾರವನ್ನು ಸರಿಮಾಡುತ್ತ ಹೇಳಿದಳು: “ನಾನ್ ಕೂತಿರ್ತೀನಿ. ಈ ಡಬ್ಬ ಬರೋ ಮುಂಚೆ ಇಪ್ಪತ್ತೆರಡು ವರ್ಸ ನಿಮ್ ಉಸ್ರು ನಿಂತಾಗೆಲ್ಲ ಪಕ್ಕೆಗೆ ತಿವಿದು ಎಬ್ಬುಸ್ದೋಳು ಯಾರು? ಇದು ಬಂದ್ಮ್ಯಾಲೆ ನಾನು ಕಣ್ತುಂಬ ಮಲಗಿದ್ದು. ಅದಕ್ಕೇ ಎಲ್ಲಾದ್ಕಿಂತ ಎತ್ರದಾಗೆ ಕೂರ್ಸಿರೋದು. ವರ್ಸಕ್ಕೊಂದಿನ ಅದೂ ಸುದಾರ್ಸ್ಕೊಳ್ಳಿ. ಇನ್ನೊಂದು ರಾತ್ರಿ ಕೂತ್ರೆ ನಾನೇನ್ ಸವೆದೋಗಲ್ಲ.”

ವೀರನು ಟವೆಲನ್ನು ಹೆಗಲಿನಿಂದ ಇಳಿಸಿದನು. ಸ್ಪ್ಯಾನರುಗಳ ಪಕ್ಕದಲ್ಲಿ ಕುಸಿದು ಕೂತನು. ತಲೆ ತೂಗಿದಾಗಲೆಲ್ಲ ಅವಳು ಪಕ್ಕೆಗೆ ತಿವಿದಳು. ಅಭ್ಯಾಸ ತಪ್ಪಿರಲಿಲ್ಲ.

ಅಷ್ಟರಲ್ಲಿ ನಿಂಗರಾಜನು ಬಾಗಿಲಲ್ಲಿ ತಲೆ ಹಾಕಿದನು. “ಭಾವ, ಚಕ್ರದ ಕೆಳಕ್ಕೆ ನಿಂಬೆಹಣ್ಣು ಮಡಗಿವ್ನಿ. ಗಾಡಿಯ ಒಂದ್ ಮಾರು ಮುಂದಕ್ಕೆ ಬುಡಿ, ಸಾಸ್ತ್ರ ಮುಗುದೋಗ್ಲಿ.”

ಕತ್ತಲೆಯ ಗುಹೆಗೆ ಮಿಂಚು ನುಗ್ಗಿದಂತೆ ಬೋರಲಿಂಗೇಗೌಡನ ಕಣ್ಣುಗಳು ತೆರೆದವು. “ನಿಲ್ಲು. ಗಾಡಿಗೆ ಪೂಜೆ ಆಗೈತೋ ಇಲ್ವೋ?”

“ಆಗೈತೆ.”

“ಆದ್ರೂ ನಿಂಬೆಹಣ್ಣಿನ ಮ್ಯಾಲೆ ಒಂದ್ಸಲ ಓಡಿಸ್ಬೇಕು, ಹೌದೋ ಅಲ್ವೋ?”

“ಓಡಿಸ್ದೆ ಇದ್ರೆ ಪೂಜೆ ಪೂರ್ತಿ ಆಗಲ್ಲ ಭಾವ.”

“ಕೇಳ್ದಾ ಕೆಂಪಾಜಿ? ಆ ಗಾಡಿ ಮೈ ಹೊತ್ಕೊಂಡ್ ಹೋಗ್ತದೆ, ಈ ಗಾಡಿ ಉಸ್ರು ಹೊತ್ಕೊಂಡ್ ಹೋಗ್ತದೆ. ಅದಕ್ಕೊಂದು ನ್ಯಾಯ, ಇದಕ್ಕೊಂದಾ?”

ಕೆಂಪಾಜಮ್ಮ ಮಿಷಿನನ್ನು ನೋಡಿದಳು. ಗಂಡನನ್ನು ನೋಡಿದಳು. “ಅದ್ಕೆ ಚಕ್ರ ಎಲ್ಲೈತೆ, ನಿಂಬೆಹಣ್ಣು ಮಡಗೋಕೆ?”

“ದಿಂಬಿನ ಕೆಳಕ್ಕೆ ಮಡಗಕ್ಕ,” ಎಂದ ನಿಂಗರಾಜ. “ಭಾವನ ತಲೆ ರೋಡ್ ರೋಲರ್‌ಗಿಂತ ಏನ್ ಕಮ್ಮಿ?”

ಅವಳಿಗೆ ನಗು ತಡೆಯಲಾಗಲಿಲ್ಲ. ನಕ್ಕವಳು ಸೋತಳು. ಬುಟ್ಟಿಯಲ್ಲಿ ಹುಡುಕಿ ಒಂದು ನಿಂಬೆಹಣ್ಣು ತಂದು ದಿಂಬಿನಡಿಗೆ ಇಟ್ಟಳು. ವೀರನು ಮಂಚವನ್ನೇರಿ, ಕುಂಕುಮಾಂಕಿತ ಮುಖವಾಡವನ್ನು ಶಿರಸ್ತ್ರಾಣದಂತೆ ಧರಿಸಿ, ಗಜಪ್ರಮಾಣದ ತಲೆಯನ್ನು ಇಳಿಸಲು ನಿಂಬೆಹಣ್ಣು ಪಚ್ಚೆಂದಿತು. ಜಯಘೋಷದ ಮುದ್ರೆಯಲ್ಲಿ ಗುಂಡಿ ಒತ್ತಿದನು.

ಮಿಷಿನ್ ಮಾತಾಡಲಿಲ್ಲ.

ಮಂಚದಡಿಯ ಬ್ಯಾಟರಿ ಸತ್ತಿತ್ತು. ಶತ್ರು ಯಾರೆಂದು ಹುಡುಕುತ್ತ ಹೊರಗೆ ಬಂದರೆ, ಉರಿಬಿಸಿಲಿನಲ್ಲಿ, ಯಾರ ಕಣ್ಣಿಗೂ ಬೀಳದಂತೆ, ವ್ಯಾನಿನ ಸುತ್ತ ಮುನ್ನೂರು ಬಲ್ಬುಗಳ ಹಳೆಯ ಸೀರಿಯಲ್ ಸೆಟ್ಟು ಸುತ್ತಿಕೊಂಡಿತ್ತು. ಬೆಳಗಿನ ಪೂಜೆಯಿಂದ ಉರಿದೂ ಉರಿದೂ ಆಗತಾನೆ ಆರಿತ್ತು.

“ಹಬ್ಬಕ್ಕೆ ಕಳೆ ಇರ್ಲಿ ಅಂತ,” ಎಂದು ನಿಂಗರಾಜನು ಹುಣಸೆಮರದ ಹಿಂದಕ್ಕೆ ಸರಿದನು.

“ಎಲವೋ ಕುಲಕಂಟಕ, ಸೂರ್ಯನಿಗೇ ಟಾರ್ಚ್ ಬಿಡುವ ಷಂಡಾಗ್ರೇಸರ, ನಿನ್ನ ಅಕ್ಕನನ್ನು ಕಟ್ಟಿಕೊಂಡ ಒಂದೇ ಕಾರಣಕ್ಕೆ ನೀನು ಇಂದು ಎರಡು ಕಾಲಿನ ಮೇಲೆ ನಿಂತಿರುವೆ,” ಎಂದು ಬೋರಲಿಂಗೇಗೌಡನು ಮುಖವಾಡದಿಂದ ಮೂಗಿಗಂಟಿದ ಕುಂಕುಮ, ಕತ್ತಿನಲ್ಲಿ ನಿಂಬೆರಸ ಸಮೇತ ರಥವನ್ನೇರಿದನು. ಎಂಜಿನ್ ಓಡಿದರೆ ಮಾತ್ರ ಮಂಚದಡಿಯ ಬ್ಯಾಟರಿ ತುಂಬುತ್ತದೆ. ನಾಲ್ಕು ನಿಂಬೆಹಣ್ಣುಗಳು ನಾಲ್ಕು ದಿಕ್ಕಿಗೆ ಸಿಡಿದವು. ಒಂದು ಮಾರು ಮುಂದೆ ಹೋಗಬೇಕಾಗಿದ್ದ ಗಾಡಿ ದಂಡೆಯುದ್ದಕ್ಕೂ ಓಡಿತು, ತಿರುಗಿತು, ಮತ್ತೆ ಓಡಿತು. ಬಾಗಿಲಿನ ಹೊರಗೆ ಚೆಂಡುಹೂಗಳು ಉದುರಿದವು. ಸ್ಪ್ಯಾನರುಗಳು ಮೇಳ ಕಟ್ಟಿದವು. ಹಿಂದಿನಿಂದ ಕೆಂಪಾಜಮ್ಮ ಮಿಷಿನನ್ನು ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು, “ಹೊಂಡ ನೋಡ್ಕಂಡು ಓಡ್ಸಿ” ಎಂದು ಕೂಗುತ್ತಿದ್ದಳು. ಕೊಕ್ಕರೆಗಳು ಈ ಮಹಾರಥನನ್ನು ಒಂದು ಕಾಲಿನ ಮೇಲೆ ನಿಂತು ನೋಡಿದವು. ಒಂದೂವರೆ ತಾಸಿನ ಬಳಿಕ ಬ್ಯಾಟರಿಗೆ ಜೀವ ಬಂತು.

ವೀರನು ಮಂಚದ ಮೇಲೆ ಬಿದ್ದು ಗುಂಡಿ ಒತ್ತಿದನು. ಮಿಷಿನ್ ಸಣ್ಣಗೆ ಗುಂಯ್ ಎಂದಿತು. ಗಾಳಿ ಬಂತು, ಸಾಂಬ್ರಾಣಿಯ ವಾಸನೆಯೊಂದಿಗೆ. ಎಲ್ಲವೂ ಬಂತು. ನಿದ್ರೆ ಬರಲಿಲ್ಲ. ಅವನು ದಾರಿಯ ಹೊಂಡಗಳನ್ನು ತಪ್ಪಿಸುತ್ತಿದ್ದಾಗ ಆ ರಾಕ್ಷಸಿ ಯಾವುದೋ ತಿರುವಿನಲ್ಲಿ ಇಳಿದುಹೋಗಿದ್ದಳು.

ಥೂ ಎಂದು ಎದ್ದೇಳಲು ಹೊರಟು ಪಕ್ಕಕ್ಕೆ ತಿರುಗಿದನು. ನಸುಕಿನಿಂದ ಒಲೆಯ ಮುಂದೆ ನಿಂತಿದ್ದ ಕೆಂಪಾಜಮ್ಮ, ಮಿಷಿನ್ನಿನ ಸದ್ದು ಕಿವಿಗೆ ಬೀಳುತ್ತಲೇ ಒರಗಿದಲ್ಲೇ ಮಲಗಿಬಿಟ್ಟಿದ್ದಳು. ಇವನು ಮುಖವಾಡ ತೆಗೆದರೆ ಗಾಳಿ ಬುಸ್ಸೆನ್ನುತ್ತದೆ. ಬುಸ್ಸೆಂದರೆ, ಉಸಿರಿಗೆ ಏನೋ ಆಯಿತೆಂದು ಅವಳು ಧಿಗ್ಗನೆ ಏಳುತ್ತಾಳೆ. ಇಪ್ಪತ್ತೆರಡು ವರ್ಷದ ಅಭ್ಯಾಸ.

ಹೀಗಾಗಿ ಲಾರಿಚಾಸಿಮರ್ದನನೂ ನವಹೋಳಿಗೆಸಂಹಾರಕನೂ ಆದ ಬೋರಲಿಂಗೇಗೌಡನು, ಮೂಗಿನ ಮೇಲಿನ ಕುಂಕುಮ ತುರಿಸುತ್ತಿದ್ದರೂ ಕೆರೆದುಕೊಳ್ಳದೆ, ಪಿಳಿಪಿಳಿ ಕಣ್ಣು ಬಿಟ್ಟುಕೊಂಡು, ಕಾಫಿ ಹೊತ್ತಿನವರೆಗೂ ಅಲ್ಲಾಡದೆ ಮಲಗಿದ್ದನು.